ಪಾನನಿರೋಧವೂ ದಿಲ್ಲಿಯ ಬೊಕ್ಕಸವೂ

ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸದ ಮೇಲೊಂದು ಲೇಖನ ಬರೆದುಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ ನಾವು ಮೊದಲು ಹಿಂಜರಿದೆವು. ಕದಂಬರ ಶಾಸನಗಳನ್ನಾಗಲಿ, ಚಾಲುಕ್ಯರ ಗುಡಿಗಳನ್ನಾಗಲಿ ಕುರಿತು ಬರೆಯಬಲ್ಲ ವಿದ್ವಾಂಸರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾವಾದರೋ ವಾಣಿಜ್ಯಶಾಸ್ತ್ರದ ಪದವಿ ಪಡೆದು, ಬೇಗಂಪೇಟೆಯ ಬ್ಯಾಂಕೊಂದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಪರರ ಹಣವನ್ನು ಎಣಿಸುವವರು. ಆದರೂ ಜಮಾ-ಖರ್ಚಿನ ಪುಸ್ತಕವೂ ಒಂದು ಬಗೆಯ ಶಾಸನವೇ ಎಂಬ ಧೈರ್ಯದಿಂದ ಲೇಖನಿ ಹಿಡಿದಿದ್ದೇವೆ. ವಾಚಕರು ಮನ್ನಿಸಬೇಕು.

ವಿಷಯ ಹೊಳೆದದ್ದು ಸಂಘದ ಹಿರಿಯರೊಬ್ಬರ ಮಾತಿನಿಂದ. ನಮ್ಮ ಬೇಗಂಪೇಟೆಯ ಪೈಗಾ ಅರಮನೆಯಲ್ಲಿ 2008ರಿಂದ 2023ರವರೆಗೆ ಅಮೆರಿಕದ ಕಾನ್ಸುಲೇಟ್ ಕಚೇರಿ ಇದ್ದುದನ್ನು ಎಲ್ಲರೂ ಬಲ್ಲರು. ಆ ಗೋಡೆಯ ಪಕ್ಕದಲ್ಲಿ ಕಾಗದಪತ್ರದ ಕಟ್ಟು ಹಿಡಿದು ಸರತಿಯಲ್ಲಿ ನಿಂತ ಕನ್ನಡದ ತಂದೆತಾಯಿಗಳು ಎಷ್ಟು ಮಂದಿಯೋ! ಅವರಲ್ಲಿ ಒಬ್ಬರಾದ ನಮ್ಮ ಹಿರಿಯರು ಮಗನ ಮನೆಯಲ್ಲಿ ಆರು ತಿಂಗಳಿದ್ದು ಬಂದು ಹೀಗೆಂದರು: "ಅಲ್ಲಿ ಹತ್ತೊಂಬತ್ತು ವರ್ಷದ ನಮ್ಮ ಮೊಮ್ಮಗ ಕಾರು ನಡೆಸುತ್ತಾನೆ, ಓಟು ಹಾಕುತ್ತಾನೆ, ಸೈನ್ಯಕ್ಕೂ ಸೇರಬಹುದು. ಆದರೆ ಅವನು ಒಂದು ಬಿಯರ್ ಬಾಟಲಿ ಕೊಳ್ಳುವಂತಿಲ್ಲ. ಐವತ್ತು ರಾಜ್ಯಗಳಲ್ಲಿಯೂ ಇಪ್ಪತ್ತೊಂದೇ ಕಟ್ಟು. ಆ ದೇಶದಲ್ಲಿ ಪ್ರತಿ ರಾಜ್ಯಕ್ಕೂ ತನ್ನ ಕಾನೂನು ಇರುವಾಗ ಇದೊಂದು ಮಾತ್ರ ಎಲ್ಲೆಡೆ ಒಂದೇ ಆದದ್ದು ಹೇಗಪ್ಪಾ? ನಮ್ಮಲ್ಲಿ ಹಾಗೇಕಾಗಲಿಲ್ಲ?"

ಪ್ರಶ್ನೆ ಚಿಕ್ಕದು. ಉತ್ತರ ಹುಡುಕುತ್ತ ಹೋದಂತೆ ಅದು ನಮ್ಮನ್ನು ತುಂಗಭದ್ರೆಯ ದಂಡೆಗೂ, ಕಡೆಗೆ ನಮ್ಮ ಮನೆಯ ಒಂದು ಹಳೆಯ ದುಃಖಕ್ಕೂ ಕರೆದೊಯ್ದಿತು.

ಮೊದಲು ಅಮೆರಿಕದ ಕಥೆಯನ್ನು ಮುಗಿಸಿಬಿಡೋಣ. 1933ರಲ್ಲಿ ಆ ದೇಶ ತನ್ನ ಪಾನನಿರೋಧವನ್ನು ಕೈಬಿಟ್ಟಾಗ, ಮದ್ಯದ ವಿಚಾರವನ್ನು ಸಂವಿಧಾನದ ಇಪ್ಪತ್ತೊಂದನೆಯ ತಿದ್ದುಪಡಿಯ ಮೂಲಕ ರಾಜ್ಯಗಳಿಗೆ ಒಪ್ಪಿಸಿತು. 1971ರಲ್ಲಿ ಹದಿನೆಂಟು ತುಂಬಿದವರಿಗೆಲ್ಲ ಮತದಾನದ ಹಕ್ಕು ಬಂತು. ಮತ ಹಾಕುವವನು ಕುಡಿಯಬಾರದೇಕೆ ಎಂಬ ತರ್ಕದಿಂದ ಹಲವು ರಾಜ್ಯಗಳು ಕುಡಿತದ ವಯಸ್ಸನ್ನೂ ಇಳಿಸಿದವು, ಕೆಲವು ಇಳಿಸಲಿಲ್ಲ. ಫಲವೇನಾಯಿತು? ಇಪ್ಪತ್ತೊಂದರ ಕಟ್ಟಿದ್ದ ರಾಜ್ಯದ ಹುಡುಗರು ರಾತ್ರಿ ಕಾರು ಹತ್ತಿ ಪಕ್ಕದ ರಾಜ್ಯಕ್ಕೆ ಹೋಗಿ ಕುಡಿದು, ಅದೇ ಅಮಲಿನಲ್ಲಿ ಮನೆಗೆ ಮರಳುವಾಗ ದಾರಿಯಲ್ಲಿ ಸತ್ತರು, ಇತರರನ್ನೂ ಕೊಂದರು. ಇಂಥ ಗಡಿಗಳಿಗೆ ಅಲ್ಲಿನವರು 'ರಕ್ತದ ಗಡಿ'ಗಳೆಂದೇ ಹೆಸರಿಟ್ಟರು. ಕುಡಿದು ವಾಹನ ನಡೆಸಿದವನೊಬ್ಬನಿಂದ ಹದಿಮೂರು ವರ್ಷದ ಮಗಳನ್ನು ಕಳೆದುಕೊಂಡ ಕ್ಯಾಂಡಿ ಲೈಟ್ನರ್ ಎಂಬಾಕೆ 1980ರಲ್ಲಿ ತಾಯಂದಿರ ಒಂದು ಸಂಘವನ್ನೇ ಕಟ್ಟಿದಳು. ಕೂಗು ವಾಷಿಂಗ್ಟನ್ನಿಗೆ ಮುಟ್ಟಿತು.

ಆದರೆ ವಾಷಿಂಗ್ಟನ್ ಮಾಡುವುದೇನು? ವಯಸ್ಸನ್ನು ಗೊತ್ತುಮಾಡುವ ಅಧಿಕಾರ ರಾಜ್ಯಗಳದು. ಆಗ ಅದು ಹಿಡಿದದ್ದು ಹಣದ ದಾರಿಯನ್ನು. 1984ರ ಜುಲೈ 17ರಂದು ಅಧ್ಯಕ್ಷ ರೇಗನ್ನರು ಸಹಿ ಹಾಕಿದ ಕಾಯ್ದೆ ಯಾವ ರಾಜ್ಯಕ್ಕೂ "ನೀನು ವಯಸ್ಸನ್ನು ಏರಿಸು" ಎಂದು ಆಜ್ಞೆ ಮಾಡಲಿಲ್ಲ. "ಇಪ್ಪತ್ತೊಂದು ತುಂಬದವರು ಮದ್ಯವನ್ನು ಕೊಳ್ಳಲು, ಬಹಿರಂಗವಾಗಿ ಇಟ್ಟುಕೊಳ್ಳಲು ಬಿಡುವ ರಾಜ್ಯಕ್ಕೆ ಹೆದ್ದಾರಿಗಳಿಗಾಗಿ ಕೊಡುವ ಹಣದಲ್ಲಿ ಮೊದಲ ವರ್ಷ ನೂರಕ್ಕೆ ಐದು, ಅನಂತರ ನೂರಕ್ಕೆ ಹತ್ತು ಹಿಡಿದಿಟ್ಟುಕೊಳ್ಳುತ್ತೇವೆ" ಎಂದಷ್ಟೇ ಹೇಳಿತು. ಹತ್ತೊಂಬತ್ತು ವರ್ಷದವರಿಗೆ ನೂರಕ್ಕೆ 3.2ರ ಲಘು ಬಿಯರನ್ನು ಮಾರಲು ಬಿಡುತ್ತಿದ್ದ ದಕ್ಷಿಣ ಡಕೋಟ ಎಂಬ ರಾಜ್ಯ ನ್ಯಾಯಾಲಯಕ್ಕೆ ಹೋಯಿತು. 1987ರ ಜೂನ್ 23ರಂದು ಅಲ್ಲಿಯ ಸುಪ್ರೀಂ ಕೋರ್ಟು ಏಳು ಮಂದಿ ಒಂದು ಕಡೆ, ಇಬ್ಬರು ಇನ್ನೊಂದು ಕಡೆಯಾಗಿ ತೀರ್ಪಿತ್ತಿತು: ಇದು ಬಲಾತ್ಕಾರವಲ್ಲ, ಬರಿಯ ಉತ್ತೇಜನ; ಹಣ ಬೇಡವೆನ್ನುವ ಸ್ವಾತಂತ್ರ್ಯ ರಾಜ್ಯಕ್ಕೆ ಇದ್ದೇ ಇದೆ. ಆದರೆ ಹಣ ಬೇಡವೆನ್ನುವವರು ಯಾರು? 1988ರ ಹೊತ್ತಿಗೆ ಐವತ್ತು ರಾಜ್ಯಗಳೂ ಇಪ್ಪತ್ತೊಂದಕ್ಕೆ ಬಂದು ನಿಂತವು. ಹಿರಿಯರ ಮೊದಲನೆಯ ಪ್ರಶ್ನೆಗೆ ಇದೇ ಉತ್ತರ. ದುಡ್ಡೇ ದೊಡ್ಡಪ್ಪ ಎಂಬ ಗಾದೆ ಕನ್ನಡದ್ದಾದರೂ ಅದರ ಅರ್ಥ ಎಲ್ಲ ದೇಶಗಳಿಗೂ ಗೊತ್ತಿದೆ.

ಇನ್ನು ಎರಡನೆಯ ಪ್ರಶ್ನೆ: ನಮ್ಮಲ್ಲಿ ಹಾಗೇಕಾಗಲಿಲ್ಲ? ದಿಲ್ಲಿಯೂ ಹಣದ ದಾರಿಯನ್ನು ಹಿಡಿಯಲಿಲ್ಲವೇ? ಹಿಡಿಯಿತು, ಒಮ್ಮೆಯಲ್ಲ, ಎರಡು ಸಲ. ವಯಸ್ಸಿನ ವಿಷಯದಲ್ಲಿ ಅಲ್ಲ, ಇಡಿಯ ಪಾನನಿರೋಧದ ವಿಷಯದಲ್ಲಿಯೇ ಹಿಡಿಯಿತು. ಎರಡು ಸಲವೂ ಸೋತಿತು. ಆ ಸೋಲಿನಲ್ಲಿ ನಾವು ಕಲಿಯಬೇಕಾದ ಪಾಠವಿದೆ.

ನಮ್ಮ ಸಂವಿಧಾನದ 47ನೆಯ ವಿಧಿ ಮಾದಕ ಪಾನೀಯಗಳ ನಿಷೇಧಕ್ಕೆ ಸರಕಾರ ಪ್ರಯತ್ನಿಸಬೇಕೆಂದು ಹೇಳುತ್ತದೆ. ಆದರೆ ಅದು ನಿರ್ದೇಶಕ ತತ್ವ. ನ್ಯಾಯಾಲಯಕ್ಕೆ ಹೋಗಿ ಜಾರಿ ಮಾಡಿಸುವಂಥದಲ್ಲ. ಅದೇ ಸಂವಿಧಾನದ ರಾಜ್ಯಪಟ್ಟಿಯ 8ನೆಯ ನಮೂದು ಮದ್ಯದ ತಯಾರಿಕೆ, ಸಾಗಣೆ, ಮಾರಾಟಗಳನ್ನು ರಾಜ್ಯಗಳಿಗೆ ಒಪ್ಪಿಸಿದೆ. 51ನೆಯ ನಮೂದು ಅದರ ಸುಂಕವನ್ನೂ ಅವುಗಳಿಗೇ ಬಿಟ್ಟಿದೆ. ಅಂದರೆ, ಕುಡಿತವನ್ನು ನಿಲ್ಲಿಸಬೇಕಾದವನೂ ರಾಜ್ಯ, ಕುಡಿತದಿಂದ ಉಣ್ಣುವವನೂ ರಾಜ್ಯ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬಂತಾಯಿತು.

ಈ ಇಕ್ಕಟ್ಟನ್ನು ಮೊದಲು ಲೆಕ್ಕಹಾಕಿ ಎದುರಿಸಿದವರು ರಾಜಾಜಿಯವರು. 1937ರ ಅಕ್ಟೋಬರ್ 1ರಂದು ಮದರಾಸು ಪ್ರಾಂತದ ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ತಂದ ಅವರು, ಅಬಕಾರಿಯಿಂದ ಆಗುವ ನಷ್ಟವನ್ನು ತುಂಬಲು 1939ರಲ್ಲಿ ಮಾರಾಟ ತೆರಿಗೆಯ ಕಾಯ್ದೆಯನ್ನು ತಂದರು. ಮುಂದೆ ಕಾಲ ಕಳೆದಂತೆ ಎಲ್ಲ ರಾಜ್ಯಗಳಲ್ಲಿಯೂ ಮಾರಾಟ ತೆರಿಗೆ ಬಂತು. ತಮಾಷೆಯೆಂದರೆ, ಪಾನನಿರೋಧಕ್ಕೆ ಬದಲಾಗಿ ಹುಟ್ಟಿದ ಆ ತೆರಿಗೆ ಉಳಿಯಿತು, ಪಾನನಿರೋಧವೇ ಅಳಿಯಿತು.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕನ್ನಡನಾಡಿನ ಸ್ಥಿತಿ ಹೇಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ನಾಡು ಹರಿದು ಹಂಚಿಹೋಗಿದ್ದಂತೆಯೇ ಹೆಂಡದ ಕಾನೂನೂ ಹರಿದು ಹಂಚಿಹೋಗಿತ್ತು. 1948ರ ಅಕ್ಟೋಬರಿನಲ್ಲಿ ಮದರಾಸು ಪ್ರಾಂತದಲ್ಲೆಲ್ಲ ಪಾನನಿರೋಧ ಪೂರ್ಣವಾದಾಗ ಬಳ್ಳಾರಿಯೂ ದಕ್ಷಿಣ ಕನ್ನಡವೂ ಅದರೊಳಗೆ ಸೇರಿದ್ದವು. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರಗಳು ಮುಂಬಯಿಯ 1949ರ ಕಾಯ್ದೆಗೆ ಒಳಪಟ್ಟಿದ್ದವು. ಮೈಸೂರು ಸಂಸ್ಥಾನದಲ್ಲಿ ಕೆಲವು ಜಿಲ್ಲೆಗಳಲ್ಲಿ ಮಾತ್ರ ನಿಷೇಧ. ಬೀದರ, ಗುಲಬರ್ಗಾ, ರಾಯಚೂರುಗಳಾದರೋ ನಮ್ಮ ಹೈದರಾಬಾದು ಸಂಸ್ಥಾನದವು. ಇಲ್ಲಿ ಫಸಲಿ 1316ರ ಅಬಕಾರಿ ಕಾಯ್ದೆಯಂತೆ ಸೇಂದಿ ಸಾರಾಯಿಗಳ ಗುತ್ತಿಗೆ ಹರಾಜಾಗುತ್ತಿತ್ತು, ಅದರ ಹುಟ್ಟುವಳಿ ಸರಕಾರದ ಬೊಕ್ಕಸದ ಒಂದು ದೊಡ್ಡ ಕಂಬವಾಗಿತ್ತು.

ತುಂಗಭದ್ರಾ ಅಣೆಕಟ್ಟಿನ ಕೆಲಸ ನಡೆದ ಕಾಲವನ್ನು ಊಹಿಸಿಕೊಳ್ಳಿರಿ. ನದಿಯ ಎಡದಂಡೆಯ ಮುನಿರಾಬಾದು ಹೈದರಾಬಾದಿನದು. ಬಲದಂಡೆಯ ಹೊಸಪೇಟೆ ಮದರಾಸಿನದು. ಒಂದೇ ಅಣೆಕಟ್ಟಿಗೆ ಕಲ್ಲು ಹೊತ್ತು ಸಂಜೆ ಕೂಲಿ ಎಣಿಸಿಕೊಳ್ಳುವ, ಒಂದೇ ಕನ್ನಡವನ್ನಾಡುವ ಇಬ್ಬರು ಅಣ್ಣತಮ್ಮಂದಿರಲ್ಲಿ ಎಡದಂಡೆಯವನು ಕುಡಿದರೆ ಅದು ಸರಕಾರಕ್ಕೆ ಆದಾಯ. ಬಲದಂಡೆಯವನು ಕುಡಿದರೆ ಅದು ಸರಕಾರಕ್ಕೆ ಅಪರಾಧ! ಕಾನೂನು ಹೊಳೆಯ ನಡುವೆ ನಿಂತಿತ್ತು. ಬಾಯಾರಿಕೆಗೆ ಮಾತ್ರ ಆ ಹೊಳೆ ಯಾವಾಗಲೂ ಅಡ್ಡಿಯಾಗಿರಲಾರದು.

ಪಕ್ಕದ ಆಂಧ್ರದಲ್ಲಿ ಇದೇ ವಿಷಯ ಒಂದು ಸರಕಾರವನ್ನೇ ಉರುಳಿಸಿತು. 1953ರ ಅಕ್ಟೋಬರಿನಲ್ಲಿ ಕರ್ನೂಲು ರಾಜಧಾನಿಯಾಗಿ ಹುಟ್ಟಿದ ಆಂಧ್ರರಾಜ್ಯಕ್ಕೆ ಮದರಾಸಿನಿಂದ ಪಾನನಿರೋಧವೂ ಪಾಲಿಗೆ ಬಂದಿತ್ತು, ಹಣ ಬಂದಿರಲಿಲ್ಲ. ನಿಷೇಧವನ್ನು ತೆಗೆಯುವುದು ಲೇಸೆಂದು ರಾಮಮೂರ್ತಿ ಸಮಿತಿ ಹೇಳಿತು. ಟಂಗುಟೂರಿ ಪ್ರಕಾಶಂ ಪಂತುಲು ಅವರ ಸರಕಾರ ಒಪ್ಪಲಿಲ್ಲ. 1954ರ ನವೆಂಬರಿನಲ್ಲಿ ಆ ಸರಕಾರ ಒಂದೇ ಒಂದು ಮತದಿಂದ ಬಿದ್ದುಹೋಯಿತು.

ಈ ಹೊತ್ತಿಗೆ ದಿಲ್ಲಿಯಲ್ಲಿ ದೊಡ್ಡ ಮಾತುಗಳು ನಡೆದಿದ್ದವು. ಯೋಜನಾ ಆಯೋಗ ನೇಮಿಸಿದ ಶ್ರೀಮನ್ನಾರಾಯಣರ ಸಮಿತಿ 1955ರಲ್ಲಿ ವರದಿಯಿತ್ತು, 1958ರ ಏಪ್ರಿಲ್ 1ರ ಒಳಗೆ ಇಡಿಯ ದೇಶದಲ್ಲಿ ಪಾನನಿರೋಧ ಬರಬೇಕೆಂದಿತು. 1956ರ ಮಾರ್ಚ್ 31ರಂದು ಲೋಕಸಭೆ ಪಾನನಿರೋಧವನ್ನು ಎರಡನೆಯ ಪಂಚವಾರ್ಷಿಕ ಯೋಜನೆಯ ಅಂಗವೆಂದು ಠರಾವು ಮಾಡಿತು. ಠರಾವಿಗೆ ಕೈ ಎತ್ತುವುದು ಸುಲಭ. ಅಬಕಾರಿಯ ಹಣ ಹೋದರೆ ಶಾಲೆಯ ಮಾಸ್ತರರ ಸಂಬಳಕ್ಕೆ ಎಲ್ಲಿಂದ ತರುವುದೆಂಬ ಪ್ರಶ್ನೆ ಬೆಂಗಳೂರು, ಹೈದರಾಬಾದುಗಳಲ್ಲಿ ಉಳಿಯಿತು.

ಅದೇ ವರ್ಷ ನವೆಂಬರ್ 1ರಂದು, ಯಾವ ದಿನವನ್ನು ನಾವು ಇಂದು ಆಚರಿಸುತ್ತಿರುವೆವೋ ಆ ದಿನ, ಕನ್ನಡನಾಡು ಒಂದಾಯಿತು. ಒಂದಾದ ನಾಡಿನ ಅಧಿಕಾರಿಗಳ ಮೇಜಿನ ಮೇಲೆ ಹಲವು ಬಗೆಯ ಅಬಕಾರಿ ಕಾನೂನುಗಳು ಬಂದು ಬಿದ್ದವು. ಹುಬ್ಬಳ್ಳಿಯಲ್ಲಿ ನಿಷೇಧ, ರಾಯಚೂರಿನಲ್ಲಿ ಹರಾಜು. ಇದು ಒಂದೇ ರಾಜ್ಯದೊಳಗಿನ ಗಡಿ. ನಿಷೇಧದ ಕಾನೂನುಗಳನ್ನು ಒಂದುಗೂಡಿಸಲು 1961ರ ಪಾನನಿರೋಧ ಕಾಯ್ದೆ ಬಂತು. ಅದರ ಬೆನ್ನಿಗೇ 1965ರ ಅಬಕಾರಿ ಕಾಯ್ದೆ ಬಂತು. ಕೊನೆಗೆ 1967ರಲ್ಲಿ, ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ, ಮೈಸೂರು ರಾಜ್ಯ ಪಾನನಿರೋಧವನ್ನು ತೆಗೆದುಹಾಕಿತು. ಗಾಂಧೀವಾದಿಗಳೆಂದು ಹೆಸರಾದವರ ಆಡಳಿತದಲ್ಲಿಯೇ ಹೀಗಾಯಿತು. ಅವರ ಮನಸ್ಸು ಬದಲಾಯಿತೆಂದು ನಾವು ಹೇಳಲಾರೆವು. ಆಯವ್ಯಯ ಪತ್ರ ಅವರ ಮನಸ್ಸಿಗಿಂತ ಗಟ್ಟಿಯಾಗಿತ್ತು.

ದಿಲ್ಲಿ ಹಣದ ಆಮಿಷವನ್ನು ಒಡ್ಡಿದ್ದು ಈ 1960ರ ದಶಕದಲ್ಲಿಯೇ. ನ್ಯಾಯಮೂರ್ತಿ ಟೇಕ್‌ಚಂದರ ಅಧ್ಯಯನ ತಂಡ 1964ರಲ್ಲಿ ವರದಿಯಿತ್ತ ಬಳಿಕ ಪಾನನಿರೋಧದ ಮಾತು ಮತ್ತೆ ಮೇಲಕ್ಕೆದ್ದಿತ್ತು. ಹೊಸದಾಗಿ ಪಾನನಿರೋಧವನ್ನು ತರುವ ರಾಜ್ಯಗಳಿಗೆ ಅಬಕಾರಿಯ ನಷ್ಟದಲ್ಲಿ ಅರ್ಧವನ್ನು ತಾನು ಕೊಡುವೆನೆಂದು ಕೇಂದ್ರ ಸರಕಾರ ಹೇಳಿತು. ಕೇಂದ್ರ ತನ್ನ ಅಧಿಕಾರಕ್ಕೆ ಸೇರದ ವಿಷಯಕ್ಕೂ ಸಾರ್ವಜನಿಕ ಉದ್ದೇಶವಿದ್ದರೆ ಹಣ ಕೊಡಬಹುದೆಂದು ಸಂವಿಧಾನದ 282ನೆಯ ವಿಧಿ ಅನುಮತಿ ಕೊಡುತ್ತದೆ. ಅಮೆರಿಕದಲ್ಲಿ ತೆರೆದ ಬಾಗಿಲಿನಂಥದೇ ಇದು.

ಬ್ಯಾಂಕಿನವರಾದ ನಾವು ಇದನ್ನು ಒಂದು ಸಣ್ಣ ಲೆಕ್ಕದಿಂದ ತೋರಿಸುತ್ತೇವೆ. ಒಂದು ರಾಜ್ಯಕ್ಕೆ ಅಬಕಾರಿಯಿಂದ ನೂರು ರೂಪಾಯಿ ಬರುತ್ತಿದೆ ಎನ್ನಿ. ದಿಲ್ಲಿಯ ಮಾತಿಗೆ ಒಪ್ಪಿ ನಿಷೇಧ ತಂದರೆ ದಿಲ್ಲಿಯಿಂದ ಐವತ್ತು ಬರುತ್ತದೆ. ಉಳಿದ ಐವತ್ತಕ್ಕೆ ಹೊಸ ತೆರಿಗೆ ಹಾಕಬೇಕು. ಕಳ್ಳಭಟ್ಟಿ ಹಿಡಿಯುವ ಪೊಲೀಸರ ಖರ್ಚು ಬೇರೆ. ಅಮೆರಿಕದ ರಾಜ್ಯಕ್ಕಾದರೋ ಹೆದ್ದಾರಿಯ ನೂರು ರೂಪಾಯಿ ಆಗಲೇ ಲೆಕ್ಕದಲ್ಲಿ ಸೇರಿಹೋಗಿತ್ತು. ಅದರಲ್ಲಿ ಹತ್ತು ಹೋಗುವ ಭಯ. ಮಾತು ಕೇಳಿದರೆ ಆಗುವ ನಷ್ಟ ಹದಿನೆಂಟರಿಂದ ಇಪ್ಪತ್ತೊಂದರ ನಡುವಿನ ಹುಡುಗರು ಕುಡಿಯುವ ಬಿಯರಿನ ತೆರಿಗೆಯಷ್ಟೆ. ಒಬ್ಬನಿಗೆ ಅರ್ಧ ಕೊಡುತ್ತೇನೆಂದರೂ ಲಾಭವಿಲ್ಲ; ಇನ್ನೊಬ್ಬನಿಗೆ ಹತ್ತರಲ್ಲಿ ಒಂದು ಹಿಡಿಯುತ್ತೇನೆಂದರೇ ನಷ್ಟ. ಹೆಚ್ಚು ಹಣ ಸೋತು ಕಡಿಮೆ ಹಣ ಗೆದ್ದದ್ದು ಹೀಗೆ. ಉಪದೇಶದ ಗಾತ್ರದಿಂದಲ್ಲ, ಹಣಕ್ಕೆ ಕಟ್ಟಿದ ಷರತ್ತಿನ ಆಕಾರದಿಂದ ಕಾನೂನು ಬಾಗುತ್ತದೆ.

ಷರತ್ತಿನ ಆಕಾರ ಕೆಟ್ಟರೆ ಏನಾಗುವುದೆಂಬುದಕ್ಕೆ ತಮಿಳುನಾಡು ಸಾಕ್ಷಿ. ಪರಿಹಾರ ಹೊಸದಾಗಿ ನಿಷೇಧ ತರುವವರಿಗೆ ಮಾತ್ರವಷ್ಟೆ? ರಾಜಾಜಿಯವರ ಕಾಲದ ನಿಷೇಧವನ್ನು ಅಲ್ಲಿಯವರೆಗೂ ಉಳಿಸಿಕೊಂಡು ಬಂದಿದ್ದ ತಮಿಳುನಾಡು, "ವರ್ಷಗಟ್ಟಲೆ ನಷ್ಟ ತಿಂದವರು ನಾವು, ನಮಗೂ ಕೊಡಿ" ಎಂದು ಕೇಳಿತು. ದಿಲ್ಲಿ ಒಪ್ಪಲಿಲ್ಲ. 1971ರ ಆಗಸ್ಟಿನ ಕೊನೆಯಲ್ಲಿ ಮುಖ್ಯಮಂತ್ರಿ ಕರುಣಾನಿಧಿಯವರು ನಿಷೇಧವನ್ನು ಅಮಾನತಿನಲ್ಲಿಟ್ಟರು. ನಮ್ಮ ಬ್ಯಾಂಕುಗಳಲ್ಲಿಯೂ ಇಂಥದುಂಟು. ಸಾಲ ಮನ್ನಾ ಯೋಜನೆ ಬಂದಾಗ, ಕಂತು ತಪ್ಪದೆ ಕಟ್ಟಿದ ಬಡ ರೈತ ಕೌಂಟರಿನ ಮುಂದೆ ನಿಂತು "ನಾನೇನು ತಪ್ಪು ಮಾಡಿದೆ, ಸಾಹೇಬರೇ?" ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿರುವುದಿಲ್ಲ. ಮುಂದೆ 1973-74ರಲ್ಲಿ ತಮಿಳುನಾಡು ಸೇಂದಿ, ಸಾರಾಯಿ ಅಂಗಡಿಗಳನ್ನು ಮತ್ತೆ ಮುಚ್ಚಿತಾದರೂ, ಒಮ್ಮೆ ಸಡಿಲಿದ ಗಂಟು ಮೊದಲಿನಂತೆ ನಿಲ್ಲಲಿಲ್ಲ; 1981ರಲ್ಲಿ ಅಂಗಡಿಗಳು ಪುನಃ ತೆರೆದವು.

ಎರಡನೆಯ ಪ್ರಯತ್ನ ಮೊರಾರ್ಜಿ ದೇಸಾಯಿಯವರದು. ಮುಂಬಯಿಯಲ್ಲಿ ಗೃಹಮಂತ್ರಿಗಳಾಗಿ ಪಾನನಿರೋಧವನ್ನು ನಡೆಸಿದ್ದ ಅವರು 1977ರಲ್ಲಿ ಪ್ರಧಾನಮಂತ್ರಿಗಳಾದಾಗ, ನಾಲ್ಕು ವರ್ಷಗಳಲ್ಲಿ ದೇಶವೆಲ್ಲ ಪಾನಮುಕ್ತವಾಗಬೇಕೆಂದು ಸಂಕಲ್ಪ ಮಾಡಿದರು. ಈ ಸಲವೂ ದಿಲ್ಲಿ ಒಡ್ಡಿದ್ದು ನಷ್ಟದ ಅರ್ಧವನ್ನೇ. 1979ರ ಜುಲೈಯಲ್ಲಿ ಸರಕಾರ ಬಿತ್ತು; ಸಂಕಲ್ಪವೂ ಅದರ ಜೊತೆಗೆ ಹೋಯಿತು. ಅರ್ಧ ಪರಿಹಾರದ ಭರವಸೆಯ ಮೇಲೆ ಪೂರ್ತಿ ಆದಾಯ ಬಿಟ್ಟ ರಾಜ್ಯ, ಕೊಡುವವನೇ ಇಲ್ಲವಾದಾಗ ಯಾರ ಬಾಗಿಲಿಗೆ ಹೋಗಬೇಕು? ಈ ಅನುಮಾನ ರಾಜ್ಯಗಳಿಗೆ ಮೊದಲಿನಿಂದಲೂ ಇದ್ದರೆ ಅದು ತಪ್ಪಾಗಿರಲಿಲ್ಲ.

ಈಗ ನಾವು ಹೈದರಾಬಾದಿಗೆ ಬರುತ್ತೇವೆ. ಇಲ್ಲಿಯ ಪಾನನಿರೋಧ ದಿಲ್ಲಿಯಿಂದ ಬಂದುದಲ್ಲ, ಹೆಣ್ಣುಮಕ್ಕಳಿಂದ ಬಂದುದು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಕಡೆಯಿಂದ ಎದ್ದ ಸಾರಾಯಿ ವಿರೋಧದ ಚಳವಳಿ ಆಂಧ್ರಪ್ರದೇಶವನ್ನೆಲ್ಲ ವ್ಯಾಪಿಸಿತು. 1993ರ ಅಕ್ಟೋಬರ್ 1ರಿಂದ ಸಾರಾಯಿ ನಿಂತಿತು. ಸಂಪೂರ್ಣ ನಿಷೇಧದ ಮಾತು ಕೊಟ್ಟು ಗೆದ್ದ ಎನ್.ಟಿ. ರಾಮರಾಯರು 1995ರ ಜನವರಿಯಲ್ಲಿ ಅದನ್ನು ಜಾರಿಗೆ ತಂದರು. ಆಗ ನಷ್ಟ ತುಂಬಿಕೊಡುವ ಯಾವ ಕೇಂದ್ರ ಯೋಜನೆಯೂ ಇರಲಿಲ್ಲ. ಕಿಲೋಗೆ ಎರಡು ರೂಪಾಯಿಯ ಅಕ್ಕಿಯ ಭಾರವೂ ಬೊಕ್ಕಸದ ಮೇಲಿತ್ತು. 1996ರಲ್ಲಿ ಆ ಅಕ್ಕಿಯ ಬೆಲೆ ಮೂರೂವರೆಗೆ ಏರಿತು; 1997ರಲ್ಲಿ ಚಂದ್ರಬಾಬು ನಾಯ್ಡು ಅವರ ಸರಕಾರ ನಿಷೇಧವನ್ನು ತೆಗೆಯಿತು. ಅಕ್ಕಿಯನ್ನೂ ಕೊಟ್ಟು ಹೆಂಡವನ್ನೂ ನಿಲ್ಲಿಸಲು ಒಂದು ರಾಜ್ಯದ ಕೈಯಲ್ಲಿ ಆಗಲಿಲ್ಲ.

ಆ ಎರಡು ವರ್ಷಗಳಲ್ಲಿ ಗಡಿ ಮತ್ತೆ ಜೀವ ತಳೆಯಿತು. ಈ ಕಡೆ ನಿಷೇಧ. ಆ ಕಡೆ ಕರ್ನಾಟಕದ ಬೀದರ, ರಾಯಚೂರು, ಬಳ್ಳಾರಿಗಳಲ್ಲಿ ಅಂಗಡಿಗಳು ತೆರೆದೇ ಇದ್ದವು. ಜಹೀರಾಬಾದಿನಲ್ಲಿದ್ದ ನಮ್ಮ ಸೋದರಮಾವ ಇಪ್ಪತ್ತಾರು ವರ್ಷದವರು. ದೊಡ್ಡ ಕುಡುಕರೇನೂ ಅಲ್ಲವೆಂದು ಅವ್ವ ಇಂದಿಗೂ ಹೇಳುತ್ತಾರೆ. ಊರಿನಲ್ಲಿಯೇ ಸಿಕ್ಕಿದ್ದರೆ ವಾರಕ್ಕೊಮ್ಮೆ ಕುಡಿದು, ನಡೆದುಕೊಂಡು ಮನೆಗೆ ಬಂದು, ಅಜ್ಜಿಯ ಕೈಯಲ್ಲಿ ಬೈಸಿಕೊಂಡು ಮಲಗುತ್ತಿದ್ದರೇನೋ. 1996ರ ಮಳೆಗಾಲದ ಒಂದು ಶನಿವಾರ ಗೆಳೆಯನ ಸ್ಕೂಟರಿನ ಹಿಂದೆ ಕುಳಿತು ಗಡಿ ದಾಟಿ ಹೋದರು. ರಾತ್ರಿ ಮರಳುವಾಗ ದಾರಿಯಲ್ಲಿ ನಿಂತಿದ್ದ ಲಾರಿಗೆ ಸ್ಕೂಟರು ಬಡಿಯಿತು. ಗೆಳೆಯ ಕುಂಟನಾಗಿ ಉಳಿದ, ಮಾವ ಉಳಿಯಲಿಲ್ಲ. ನಾವಾಗ ಚಿಕ್ಕವರು. ಹೆಣ ತಂದ ಮುಂಜಾನೆ ಅಜ್ಜಿ ಅಂಗಳದಲ್ಲಿ ಕುಳಿತು "ಬಂದ್ ಮಾಡಿದ್ರಲ್ಲಾ, ಬಂದ್ ಮಾಡಿದ್ರಲ್ಲಾ" ಎಂದು ಅನ್ನುತ್ತಿದ್ದುದು ಮಾತ್ರ ಕಿವಿಯಲ್ಲಿದೆ. ನಿಷೇಧ ಬರಲೆಂದು ಓಣಿಯ ಹೆಂಗಸರೊಡನೆ ಮೆರವಣಿಗೆಯಲ್ಲಿ ಹೋಗಿ ಬಂದಿದ್ದವರು ಅದೇ ಅಜ್ಜಿ.

ಅಮೆರಿಕದ 'ರಕ್ತದ ಗಡಿ'ಯ ಮಾತನ್ನು ಓದಿದಾಗ ನಮಗೆ ಜಹೀರಾಬಾದಿನ ಆ ದಾರಿ ನೆನಪಾಯಿತು. ಯಾರ ಮೇಲೂ ತಪ್ಪು ಹೊರಿಸಲು ನಾವು ಇದನ್ನು ಬರೆಯುತ್ತಿಲ್ಲ. ಅಜ್ಜಿ ಕೇಳಿದ ನಿಷೇಧ ನ್ಯಾಯವಾದುದೇ. ಆದರೆ ಒಂದು ರಾಜ್ಯ ಒಂಟಿಯಾಗಿ ಮಾಡಿದ ಒಳ್ಳೆಯ ಕಾನೂನು ಪಕ್ಕದ ರಾಜ್ಯದ ಗಡಿಯಲ್ಲಿ ಸೋರಿಹೋಗುತ್ತದೆ. ಆ ಸೋರಿಕೆಯನ್ನು ತಡೆಯಬಲ್ಲುದು ಎರಡಕ್ಕೂ ಮೇಲಿನ ಸರಕಾರ. ಅದು ಅಂದು ಉಪದೇಶವನ್ನೂ ಮಾಡಲಿಲ್ಲ, ಹಣವನ್ನೂ ಕೊಡಲಿಲ್ಲ.

ಅಂದಿನಿಂದ ಇಂದಿಗೆ ಪರಿಸ್ಥಿತಿ ಸುಧಾರಿಸಿದೆಯೇ? 2017ರಲ್ಲಿ ಜಿ.ಎಸ್.ಟಿ. ಬಂದಾಗ ರಾಜ್ಯಗಳ ಹಲವು ತೆರಿಗೆಗಳು ಅದರಲ್ಲಿ ಲೀನವಾದವು. ಕುಡಿಯುವ ಮದ್ಯವನ್ನು ಮಾತ್ರ ಹೊರಗಿಡಲಾಯಿತು. ಹೀಗೆ ರಾಜ್ಯ ತನ್ನಿಷ್ಟದಂತೆ ಏರಿಸಿ ಇಳಿಸಬಲ್ಲ ಕೆಲವೇ ಆದಾಯಗಳಲ್ಲಿ ಮದ್ಯ ಮುಖ್ಯವಾಗಿ ಉಳಿಯಿತು. ಕೇಂದ್ರದ ತೆರಿಗೆಗಳಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಕರ್ನಾಟಕದ ಪಾಲು ಹದಿನಾಲ್ಕನೆಯ ಹಣಕಾಸು ಆಯೋಗದ ಕಾಲದಲ್ಲಿ ನೂರಕ್ಕೆ 4.713 ಇದ್ದದ್ದು, ಹದಿನೈದನೆಯ ಆಯೋಗದ ಲೆಕ್ಕದಂತೆ 2021ರಿಂದ 2026ರವರೆಗೆ 3.647ಕ್ಕೆ ಇಳಿಯಿತು. 2025-26ರ ಆಯವ್ಯಯದಲ್ಲಿ ಕರ್ನಾಟಕ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಈ ಎರಡು ಅಂಕಿಗಳಲ್ಲಿ ಒಂದು ಇನ್ನೊಂದಕ್ಕೆ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಒಂದು ಕಿಸೆ ಹಗುರವಾದಾಗ ಕೈ ಇನ್ನೊಂದು ಕಿಸೆಗೆ ಹೋಗುವುದು ಮನುಷ್ಯಸಹಜ, ಸರಕಾರಕ್ಕೂ ಸಹಜ. ಹಣ ಕೊಟ್ಟು ಒತ್ತುವುದಷ್ಟೇ ಒತ್ತಡವಲ್ಲ. ಕೊಡದೆ ಇರುವುದೂ ಒತ್ತಡವೇ.

ತೆಲಂಗಾಣದ ಕಥೆಯನ್ನು ನಾವು ಕಣ್ಣಾರೆ ಕಂಡಿದ್ದೇವೆ. 2023ರಲ್ಲಿ 2,620 ಮದ್ಯದಂಗಡಿಗಳ ಲಾಟರಿಗೆ ಒಂದು ಲಕ್ಷ ಮೂವತ್ತು ಸಾವಿರಕ್ಕೂ ಮೀರಿ ಅರ್ಜಿಗಳು ಬಂದವು. ಅರ್ಜಿಗೆ ಎರಡು ಲಕ್ಷ ರೂಪಾಯಿ. ಅಂಗಡಿ ಸಿಗಲಿ ಬಿಡಲಿ, ಹಿಂದಿರುಗಿಸುವ ಮಾತಿಲ್ಲ. ಒಂದು ಬಾಟಲಿಯೂ ಮಾರಾಟವಾಗುವ ಮೊದಲೇ 2,600 ಕೋಟಿಗೂ ಹೆಚ್ಚು ಹಣ ಬೊಕ್ಕಸಕ್ಕೆ ಬಿತ್ತು. ಆ ದಿನಗಳಲ್ಲಿ ಡಿ.ಡಿ. ಬರೆಸಲು ಕೌಂಟರಿನ ಮುಂದೆ ನಿಂತವರಲ್ಲಿ ಒಡವೆ ಒತ್ತೆಯಿಟ್ಟು ಬಂದವರನ್ನೂ ನಾವು ಬಲ್ಲೆವು. ಡಿ.ಡಿ. ಬರೆಯುವ ಗುಮಾಸ್ತನಿಗೆ ಅಭಿಪ್ರಾಯ ಹೇಳುವ ಅಧಿಕಾರವಿಲ್ಲ, ಬರೆದುಕೊಟ್ಟೆವು.

ಇನ್ನು ಹಿರಿಯರು ಕೇಳಿದ ವಯಸ್ಸಿನ ಮಾತು. ನಮ್ಮ ದೇಶದಲ್ಲಿ ಅದು ಸಂತೆಯಾಗಿದೆ. ಗೋವಾದಲ್ಲಿ ಹದಿನೆಂಟು, ತೆಲಂಗಾಣದಲ್ಲಿ ಇಪ್ಪತ್ತೊಂದು, ಕೇರಳದಲ್ಲಿ ಇಪ್ಪತ್ತಮೂರು. ಕರ್ನಾಟಕದಲ್ಲಿ ಇನ್ನೂ ವಿಚಿತ್ರ: 1965ರ ಅಬಕಾರಿ ಕಾಯ್ದೆಯಲ್ಲಿ ಹದಿನೆಂಟು ಎಂದಿದ್ದರೆ, ಅದರ ಕೆಳಗೆ ಮಾಡಿದ 1967ರ ನಿಯಮಗಳಲ್ಲಿ ಇಪ್ಪತ್ತೊಂದು ಎಂದಿದೆ. 2023ರ ಜನವರಿಯಲ್ಲಿ ನಿಯಮದ ಇಪ್ಪತ್ತೊಂದನ್ನು ಹದಿನೆಂಟಕ್ಕೆ ಇಳಿಸುವ ಕರಡನ್ನು ಅಬಕಾರಿ ಇಲಾಖೆ ಹೊರಡಿಸಿತು. ಸಾರ್ವಜನಿಕರಿಂದ ಆಕ್ಷೇಪಣೆಗಳು ಬಂದವು. ಅದೇ ತಿಂಗಳಲ್ಲಿ ಕರಡು ಹಿಂದಕ್ಕೆ ಹೋಯಿತು. ಇಲ್ಲಿ ದಿಲ್ಲಿಯ ಹಣದ ಕೈವಾಡವಿರಲಿಲ್ಲ. ಅದನ್ನು ತಡೆದದ್ದು ತಂದೆತಾಯಿಗಳ, ಸಂಘಸಂಸ್ಥೆಗಳ ಕಾಗದಗಳು. ಇದನ್ನು ನಾವು ಸಣ್ಣ ಸಂಗತಿಯೆಂದು ಎಣಿಸುವುದಿಲ್ಲ.

ಹೆದ್ದಾರಿಯ ವಿಷಯದಲ್ಲಿಯೂ ನಮ್ಮ ದಾರಿ ಬೇರೆಯಾಯಿತು. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರಿನ ಒಳಗೆ ಮದ್ಯದಂಗಡಿ ಇರಕೂಡದೆಂದಿತು. ಅಮೆರಿಕ ಹೆದ್ದಾರಿಯ ಹಣ ಹಿಡಿದು ಮಾಡಿಸಿದ್ದನ್ನು ನಮ್ಮಲ್ಲಿ ನ್ಯಾಯಾಲಯ ಆಜ್ಞೆಯಿಂದ ಮಾಡಿಸಹೊರಟಿತು. ಕೆಲವು ರಾಜ್ಯಗಳು ಮಾಡಿದ್ದೇನು? ಅಂಗಡಿಯನ್ನು ಸರಿಸುವ ಬದಲು ಹೆದ್ದಾರಿಯ ಹೆಸರನ್ನೇ ಸರಿಸಿದವು. ನಿನ್ನೆಯ ಹೆದ್ದಾರಿ ಇಂದು ಊರಿನ ಬೀದಿಯಾಯಿತು! 2017ರಲ್ಲಿ ನ್ಯಾಯಾಲಯವೇ ಚಿಕ್ಕ ಊರುಗಳಿಗೆ ದೂರವನ್ನು 220 ಮೀಟರಿಗೆ ಇಳಿಸಿ, ಮುಂದೆ ಪುರಸಭೆಗಳ ಎಲ್ಲೆಗೆ ವಿನಾಯಿತಿಯನ್ನೂ ಕೊಟ್ಟಿತು. ಬೊಕ್ಕಸದ ಹಸಿವಿಗೆ ಮದ್ದು ಸಿಗದೆ ಬರಿಯ ಆಜ್ಞೆ ಎಷ್ಟು ದೂರ ನಡೆಯಬಲ್ಲುದೆಂಬುದನ್ನು ಇದರಿಂದ ಅಳೆಯಬಹುದು.

ಇಷ್ಟೆಲ್ಲ ಹೇಳಿ ನಾವು ತಲುಪಿದ ತೀರ್ಮಾನ ಸರಳ. ಮೇಲಿನ ಸರಕಾರ ಕೆಳಗಿನ ಸರಕಾರದ ಕಾನೂನನ್ನು ಹಣದಿಂದ ಬಾಗಿಸಬಲ್ಲುದು. ಆದರೆ ಕೇಳುವ ತ್ಯಾಗ ಚಿಕ್ಕದಿರಬೇಕು, ಇಲ್ಲವೆ ಕೊಡುವ ಹಣ ಪೂರ್ತಿಯಿರಬೇಕು. ಹಣ ನಾಳೆಯೂ ಬರುವುದೆಂಬ ನಂಬಿಕೆಯಿರಬೇಕು. ಹಿಂದಿನಿಂದ ಸರಿಯಾಗಿ ನಡೆದುಕೊಂಡವನನ್ನು ಶಿಕ್ಷಿಸಿದಂತಾಗಬಾರದು. ದಿಲ್ಲಿಯ ಎರಡು ಪ್ರಯತ್ನಗಳೂ ಈ ಪರೀಕ್ಷೆಯಲ್ಲಿ ಸೋತವು. ಕೇಂದ್ರವೇ ಎಲ್ಲ ರಾಜ್ಯಗಳನ್ನೂ ಹಣದ ದಾರದಿಂದ ಕುಣಿಸಬೇಕೆಂದು ನಾವು ಬಯಸುತ್ತೇವೆಂದು ಯಾರೂ ತಿಳಿಯಬಾರದು. ಇಂದು ಹೆಂಡಕ್ಕೆ ಕಟ್ಟಿದ ದಾರವನ್ನು ನಾಳೆ ಭಾಷೆಗೆ ಕಟ್ಟಬಹುದು. ಹೊರನಾಡಿನಲ್ಲಿ ನಿಂತು ಕನ್ನಡ ಶಾಲೆಗಾಗಿ ಅರ್ಜಿ ಹಿಡಿದು ತಿರುಗಿದವರಿಗೆ ಆ ಭಯವನ್ನು ವಿವರಿಸಬೇಕಾಗಿಲ್ಲ. ಕೊಡುವವರೂ ಪಡೆಯುವವರೂ ಒಂದೇ ಮೇಜಿನ ಸುತ್ತ ಕುಳಿತು ಲೆಕ್ಕವನ್ನು ಬಿಚ್ಚಿಟ್ಟು ಮಾತನಾಡಲಿ ಎಂಬುದಷ್ಟೇ ನಮ್ಮ ಆಶೆ.

ನಾವು ಬೀದರದಿಂದಲೋ, ರಾಯಚೂರಿನಿಂದಲೋ, ಧಾರವಾಡದಿಂದಲೋ ಬಂದು ಈ ಊರಿನಲ್ಲಿ ಅನ್ನ ಕಂಡುಕೊಂಡವರು. ಗಡಿಯೆಂದರೆ ನಕ್ಷೆಯ ಮೇಲಿನ ಗೆರೆಯಲ್ಲ, ಹಬ್ಬಕ್ಕೂ ಮದುವೆಗೂ ದಾಟುವ ದಾರಿ ಎಂದು ಬಲ್ಲವರು. ರಾಜ್ಯೋತ್ಸವದ ದಿನ ನಾಡು ಒಂದಾದ ಸಂತೋಷವನ್ನು ಪಡೋಣ. ಅದರೊಡನೆ, ಎರಡೂ ಕಡೆಯ ಸರಕಾರಗಳು ಆಯವ್ಯಯವನ್ನು ಮಂಡಿಸಿದಾಗ ಅಬಕಾರಿಯ ಸಾಲಿನಲ್ಲಿ ಎಷ್ಟು ಬರೆದಿದೆ, ಅದಕ್ಕೆ ಬದಲು ದಾರಿ ಏನಾದರೂ ತೋರಿಸಿದೆಯೇ ಎಂದು ಓದಿ ನೋಡುವ ಅಭ್ಯಾಸವನ್ನೂ ಮಾಡಿಕೊಳ್ಳೋಣ. ಓದಲು ತೊಡಕಾದರೆ ಭಾನುವಾರ ಸಂಘದ ಕಚೇರಿಗೆ ಬನ್ನಿರಿ. ಲೆಕ್ಕ ಬಿಡಿಸಿ ಹೇಳುವ ಕೆಲಸವನ್ನು ನಾವು ಸಂತೋಷದಿಂದ ಮಾಡುತ್ತೇವೆ.

ನಮ್ಮ ಮನೆಯಲ್ಲಿ ಸೋದರಮಾವನ ಪಟಕ್ಕೆ ಅವ್ವ ಪ್ರತಿ ಶನಿವಾರ ಹೂವು ಮುಡಿಸುತ್ತಾರೆ. ಪಟದಲ್ಲಿ ಅವರು ಈಗ ನಮಗಿಂತ ಚಿಕ್ಕವರು.